ಕ್ಯಾಬಿನೆಟ್ ಕೂರುತ್ತಿಲ್ಲವೇ? ಮೊದಲು ಸಂದಿನ ಆಕಾರ ನೋಡಿ

ನಮ್ಮ ಮನೆಯ ಕ್ಯಾಬಿನೆಟ್‌ಗಳಿಗೆ ನಾನೇ ಅಳತೆ ತೆಗೆದು ಕೊಟ್ಟಿದ್ದೆ. ಮೂರು ಚೆನ್ನಾಗಿ ಕೂತವು. ನಾಲ್ಕನೆಯದು ಮಾತ್ರ ಗೋಡೆಗೂ ಮೂರನೆಯದಕ್ಕೂ ನಡುವೆ ಇಳಿಯಲೇ ಇಲ್ಲ. 11 ಮಿಲಿಮೀಟರ್ ಜಾಗ ಸಾಲದು. ಮಾಡಿದವರು ದೊಡ್ಡದು ಮಾಡಿದ್ದಾರೆ ಎಂದು ನಾನು, ನೀವೇ ತಪ್ಪು ಅಳೆದಿದ್ದೀರಿ ಎಂದು ಅವರು. ಕ್ಯಾಬಿನೆಟ್ ಅಳೆದು ನೋಡಿದೆ, ಸರಿಯಾಗಿತ್ತು. ಗೋಡೆಯಿಂದ ಗೋಡೆಗೆ ಮತ್ತೆ ಅಳೆದೆ, ಕಾಗದದಲ್ಲಿ ಬರೆದಷ್ಟೇ ಇತ್ತು. ಎರಡೂ ಸರಿ, ಆದರೂ ಕೂರುತ್ತಿಲ್ಲ!

ಕೊನೆಗೆ ಸುಸ್ತಾಗಿ ನೆಲದ ಮೇಲೆ ಕೂತಾಗ ಕಣ್ಣಿಗೆ ಬಿತ್ತು. ಗೋಡೆಯ ಬುಡದ ಸ್ಕರ್ಟಿಂಗ್ ಟೈಲ್ 11 ಮಿ.ಮೀ. ಮುಂದೆ ಬಂದಿತ್ತು. ಅದರ ಎತ್ತರ 120, ನಮ್ಮ ಕ್ಯಾಬಿನೆಟ್‌ನ ಕಾಲು 100. ಅಂದರೆ ಪೆಟ್ಟಿಗೆಯ ಕೆಳಗಿನ 20 ಮಿ.ಮೀ. ಆ ಟೈಲಿಗೆ ತಾಗುತ್ತಿತ್ತು. ನಾನು ಅಳೆದಿದ್ದು ಎದೆಯ ಎತ್ತರದಲ್ಲಿ. ಬಗ್ಗಲು ಸೋಮಾರಿತನ, ಅಷ್ಟೇ.

ಅವತ್ತಿನಿಂದ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಕ್ಯಾಬಿನೆಟ್ ಕೂರದಿದ್ದಾಗ ಸಂಖ್ಯೆಗಳ ಜೊತೆ ಜಗಳಕ್ಕೆ ಇಳಿಯುವುದಿಲ್ಲ. ಸಂದು ಯಾವ ಆಕಾರದಲ್ಲಿದೆ, ಪೆಟ್ಟಿಗೆ ಎಲ್ಲಿ ತಾಗುತ್ತಿದೆ ಎಂದು ಮೊದಲು ನೋಡುತ್ತೇನೆ. ಕಾರಣ ಹೆಚ್ಚುಕಡಿಮೆ ಅಲ್ಲೇ ಸಿಗುತ್ತದೆ. ಹಲಗೆಗೆ ಗರಗಸ ಹಾಕುವ ಮುಂಚೆ ನೀವೂ ಹಾಗೇ ಮಾಡಿ. ಕತ್ತರಿಸಿದ ಮೇಲೆ ಅಂಟಿಸಲು ಆಗುವುದಿಲ್ಲ ಅಲ್ವಾ?

ಮೊದಲ ಅನುಮಾನ ಟೇಪಿನ ಮೇಲೆ

ಇದಕ್ಕೆ ಐದು ನಿಮಿಷ ಸಾಕು, ಹಾಗಾಗಿ ಇದನ್ನೇ ಮೊದಲು ಮುಗಿಸಿ.

ಟೇಪಿನ ತುದಿಯ ಕೊಕ್ಕೆ ಸ್ವಲ್ಪ ಅಲ್ಲಾಡುತ್ತದೆ. ಹಾಳಾಗಿದೆ ಎಂದುಕೊಂಡು ಅದನ್ನು ಸುತ್ತಿಗೆಯಿಂದ ಬಡಿದು ಗಟ್ಟಿ ಮಾಡಿದವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಕೊಕ್ಕೆಯ ತಗಡು ಎಷ್ಟು ದಪ್ಪವೋ ಅಷ್ಟು ಅದು ಆಡಲೇಬೇಕು, ಸುಮಾರು 1 ಮಿ.ಮೀ. ಹಲಗೆಯ ಅಂಚಿಗೆ ಸಿಕ್ಕಿಸಿ ಎಳೆದಾಗ ಹೊರಗೆ ಸರಿಯುತ್ತದೆ, ಗೋಡೆಗೆ ಒತ್ತಿದಾಗ ಒಳಗೆ ಸರಿಯುತ್ತದೆ. ಎರಡೂ ಸಲ ಸೊನ್ನೆ ಸರಿಯಾದ ಜಾಗಕ್ಕೆ ಬರಲಿ ಎಂದೇ ಈ ಏರ್ಪಾಡು. ಆದರೆ ಟೇಪು ನಾಲ್ಕಾರು ಸಲ ಕೆಳಗೆ ಬಿದ್ದಿದ್ದರೆ ಕೊಕ್ಕೆ ಬಾಗಿರುತ್ತದೆ, ಇಲ್ಲವೇ ಅದರ ರಿವೆಟ್ ತೂತು ಸವೆದಿರುತ್ತದೆ.

ಪರೀಕ್ಷೆ ಸುಲಭ. ಒಂದೇ ಹಲಗೆಯನ್ನು ಮೂರು ರೀತಿಯಲ್ಲಿ ಅಳೆಯಿರಿ. ಕೊಕ್ಕೆ ಸಿಕ್ಕಿಸಿ ಒಮ್ಮೆ. ಹಲಗೆಯನ್ನೂ ಟೇಪಿನ ತುದಿಯನ್ನೂ ಗೋಡೆಗೆ ಒತ್ತಿ ಇನ್ನೊಮ್ಮೆ. ಕೊಕ್ಕೆಯ ಸಹವಾಸವೇ ಬೇಡವೆಂದು 100ರ ಗೆರೆಯಿಂದ ಶುರು ಮಾಡಿ, ಬಂದದ್ದರಲ್ಲಿ 100 ಕಳೆದು ಮತ್ತೊಮ್ಮೆ. ಮೂರೂ ಒಂದೇ ಬಂದರೆ ಟೇಪು ನಿರಪರಾಧಿ.

ಕೆಲವು ತಪ್ಪುಗಳು ತಮ್ಮ ಗುರುತನ್ನು ತಾವೇ ಬಿಟ್ಟು ಹೋಗುತ್ತವೆ. ವ್ಯತ್ಯಾಸ ಕರಾರುವಾಕ್ಕಾಗಿ 100 ಮಿ.ಮೀ. ಇದ್ದರೆ ಯಾರೋ ಆ 100 ಕಳೆಯಲು ಮರೆತಿದ್ದಾರೆ. 60-80ರಷ್ಟು ಕಡಿಮೆ ಬಂದಿದ್ದರೆ, ಟೇಪಿನ ಡಬ್ಬಿಯನ್ನು ಗೋಡೆಗೆ ಒತ್ತಿ ಓದಿದವರು ಡಬ್ಬಿಯ ಉದ್ದ ಸೇರಿಸಿಲ್ಲ. ಆ ಉದ್ದವನ್ನು ಎಷ್ಟೋ ಟೇಪುಗಳ ಡಬ್ಬಿಯ ಮೇಲೇ ಬರೆದಿರುತ್ತಾರೆ. ಲೇಸರ್ ಮೀಟರ್ ಬಳಸಿದ್ದರೆ ವ್ಯತ್ಯಾಸ ಆ ಮೀಟರ್‌ನ ಉದ್ದಕ್ಕೆ ಸಮವಾಗಿದೆಯಾ ನೋಡಿ. ಅಳತೆ ಅದರ ಹಿಂದಿನ ಅಂಚಿನಿಂದ ಶುರುವಾಗಬೇಕೋ ಮುಂದಿನ ಅಂಚಿನಿಂದಲೋ ಎಂಬ ಸೆಟ್ಟಿಂಗ್ ಬದಲಾಗಿರುತ್ತದೆ. ಮಕ್ಕಳ ಕೈಗೆ ಹೋಗಿ ಬಂದ ಮೀಟರ್‌ನಲ್ಲಿ ಇದು ಜಾಸ್ತಿ.

ಎರಡು ಟೇಪುಗಳು ಚೂರು ಬೇರೆ ಬೇರೆ ತೋರಿಸಿದರೆ ಗಾಬರಿ ಬೇಡ. ಟೇಪಿನ ಮೇಲೆ ರೋಮನ್ ಅಂಕಿಯಲ್ಲಿ ಎರಡು ಎಂಬ ದರ್ಜೆ ಇದ್ದರೆ, 5 ಮೀಟರ್‌ಗೆ 1.3 ಮಿ.ಮೀ. ಆಚೀಚೆ ಇರಲು ಅದಕ್ಕೆ ಅನುಮತಿ ಇದೆ. ಅದಕ್ಕೇ ಗೋಡೆಯನ್ನೂ ಕ್ಯಾಬಿನೆಟ್ಟನ್ನೂ ಒಂದೇ ಟೇಪಿನಿಂದ ಅಳೆಯಿರಿ.

ಟೇಪು ಓರೆಯಾದರೆ ಅಂತ ತುಂಬ ಜನ ಹೆದರುತ್ತಾರೆ. ಉದ್ದದ ಅಳತೆಯಲ್ಲಿ ಅದು ಅಷ್ಟು ದೊಡ್ಡ ವಿಷಯವಲ್ಲ. 3 ಮೀಟರ್ ಅಳೆಯುವಾಗ ಒಂದು ತುದಿ 50 ಮಿ.ಮೀ. ಮೇಲೆ ಹೋದರೂ ತಪ್ಪು ಅರ್ಧ ಮಿ.ಮೀ.ಗಿಂತ ಕಡಿಮೆ. ಅದೇ 500 ಮಿ.ಮೀ. ಅಗಲದ ಗೂಡನ್ನು ಅಷ್ಟೇ ಓರೆಯಾಗಿ ಅಳೆದರೆ 2.5 ಮಿ.ಮೀ. ಜಾಸ್ತಿ ಬರುತ್ತದೆ. ಜಾಗ ಚಿಕ್ಕದಾದಷ್ಟೂ ಕೈ ನೇರ ಇರಬೇಕು.

ಸಂದು ಮೇಲಿಂದ ಕೆಳಗೆ ಒಂದೇ ಸಮ ಇದ್ದರೆ

ಗೋಡೆ ನೆಟ್ಟಗಿದೆ, ಪೆಟ್ಟಿಗೆಯೂ ನೆಟ್ಟಗಿದೆ. ತಪ್ಪಿರುವುದು ಸಂಖ್ಯೆಯಲ್ಲಿ, ಇಲ್ಲವೇ ಅಳತೆ ತೆಗೆದ ದಿನದಲ್ಲಿ.

ದಿನ ಎಂದರೆ, ಗಾರೆಯ ಗೋಡೆಯನ್ನು ಅಳೆದು ಆಮೇಲೆ ಟೈಲ್ಸ್ ಹಾಕಿಸಿದ್ದೀರಾ? ಗೋಡೆಯ ಟೈಲ್ 8ರಿಂದ 10 ಮಿ.ಮೀ., ಅದರ ಹಿಂದಿನ ಅಂಟು 3ರಿಂದ 5. ಒಂದು ಗೋಡೆಗೆ 11ರಿಂದ 15 ಹೋಯಿತು. ಎರಡೂ ಬದಿಗೆ ಟೈಲ್ಸ್ ಬಂದರೆ 22ರಿಂದ 30. ಕ್ಯಾಬಿನೆಟ್ ಒಳಗೇ ಹೋಗದೆ ಇದ್ದು, ಕೊರತೆ ಈ ಲೆಕ್ಕದ ಹತ್ತಿರ ಬಂದರೆ ಬೇರೆ ಕಾರಣ ಹುಡುಕುವ ಮುಂಚೆ ಅಳತೆಯ ಹಾಳೆಯ ತಾರೀಖು ನೋಡಿ. ತಾರೀಖೇ ಇಲ್ಲದಿದ್ದರೆ, ಅದೂ ಒಂದು ಉತ್ತರವೇ.

ಸಂದು ಜಾಸ್ತಿಯಾಗಿ ಉಳಿದಿದ್ದರೆ ಚಿಂತೆಯಿಲ್ಲ. ಫಿಲ್ಲರ್ ಪಟ್ಟಿ, ಅಂದರೆ ಪೆಟ್ಟಿಗೆಗೂ ಗೋಡೆಗೂ ನಡುವಿನ ಸಂದು ಮುಚ್ಚುವ ಹಲಗೆಪಟ್ಟಿ, ಇರುವುದೇ ಅದಕ್ಕೆ. ಗೋಡೆಗೆ ತಾಗುವ ತುದಿಯಲ್ಲಿ 25ರಿಂದ 50 ಮಿ.ಮೀ. ಫಿಲ್ಲರ್‌ಗೆ ಮೊದಲೇ ಜಾಗ ಬಿಟ್ಟವರಿಗೆ ಇಂಥ ತಪ್ಪುಗಳು ತಪ್ಪು ಅಂತಲೇ ಅನ್ನಿಸುವುದಿಲ್ಲ. ಒಂದಿಂಚೂ ವ್ಯರ್ಥ ಆಗಬಾರದು ಎಂದು ಗೋಡೆಯಿಂದ ಗೋಡೆಗೆ ತುಂಬಿಸಿದವರೇ ಕೊನೆಗೆ ಒಂದು ಇಡೀ ಪೆಟ್ಟಿಗೆ ಬದಲಿಸಬೇಕಾಗುತ್ತದೆ.

ಸಂದು ತ್ರಿಕೋನವಾಗಿದ್ದರೆ

ನನ್ನ ಕಣ್ಣಿಗೆ ಅತಿ ಹೆಚ್ಚು ಬೀಳುವ ದೋಷ ಇದು. ಅತಿ ಹೆಚ್ಚು ತಪ್ಪಾಗಿ ಅರ್ಥವಾಗುವುದೂ ಇದೇ. ಮೇಲೆ ಅಂಟಿಕೊಂಡಿದೆ, ಕೆಳಗೆ ಬೆರಳು ಹೋಗುತ್ತದೆ. ಅಥವಾ ಹಿಂದೆ ತಾಗಿದೆ, ಮುಂದೆ ಬಾಯಿ ಬಿಟ್ಟಿದೆ. ಒಂದು ಜಾಗಕ್ಕೆ ಒಂದೇ ಅಗಲ ಎಂದು ನಂಬಿ ಅಳೆದದ್ದರ ಫಲ. ಗೋಡೆ ಕಟ್ಟುವುದು ಕೈಯಿಂದ, ಕ್ಯಾಬಿನೆಟ್ ಕೊಯ್ಯುವುದು ಯಂತ್ರದಿಂದ. ಇವೆರಡೂ ಒಪ್ಪಿದರೆ ಅದು ಅದೃಷ್ಟ.

ತ್ರಿಕೋನ ಮೇಲೆ-ಕೆಳಗೆ ಇದೆಯೋ ಹಿಂದೆ-ಮುಂದೆ ಇದೆಯೋ ಮೊದಲು ನೋಡಿ. ಎರಡರ ಪರೀಕ್ಷೆಯೂ ಬೇರೆ.

ಮೇಲೆ-ಕೆಳಗೆ ಇದ್ದರೆ ಗೋಡೆ ವಾಲಿರಬಹುದು, ಪೆಟ್ಟಿಗೆಯೂ ವಾಲಿರಬಹುದು. ಪೆಟ್ಟಿಗೆಯ ಬದಿಗೆ ರಸಮಟ್ಟ (ಗುಳ್ಳೆಯಿರುವ ಸ್ಪಿರಿಟ್ ಲೆವೆಲ್) ಹಿಡಿಯಿರಿ. ಗುಳ್ಳೆ ನಡುವೆ ನಿಂತರೆ ಗೋಡೆಯೇ ವಾಲಿದೆ. ಆದರೆ ರಸಮಟ್ಟವನ್ನು ಕಣ್ಣುಮುಚ್ಚಿ ನಂಬಬೇಡಿ. ಅದನ್ನು ಒಂದು ಚಪ್ಪಟೆ ಜಾಗದ ಮೇಲಿಟ್ಟು ಗುಳ್ಳೆ ಎಲ್ಲಿದೆ ನೋಡಿಕೊಳ್ಳಿ. ಆಮೇಲೆ ಎಡತುದಿ ಬಲಕ್ಕೆ ಬರುವಂತೆ ತಿರುಗಿಸಿ ಅದೇ ಜಾಗದಲ್ಲಿಡಿ. ಎರಡು ಸಲವೂ ಗುಳ್ಳೆ ಒಂದೇ ಬದಿಗೆ ಅಷ್ಟೇ ಸರಿದರೆ ಜಾಗ ಇಳಿಜಾರು, ಉಪಕರಣ ಸರಿ. ತಿರುಗಿಸಿದಾಗ ಗುಳ್ಳೆ ಇನ್ನೊಂದು ಬದಿಗೆ ಹೋದರೆ ಉಪಕರಣವೇ ಸುಳ್ಳು ಹೇಳುತ್ತಿದೆ. ಗೋಡೆ ನೆಟ್ಟಗಿದೆಯಾ ಎಂದು ತೋರಿಸುವ ಗುಳ್ಳೆಯನ್ನೂ ಹೀಗೇ ಪರೀಕ್ಷಿಸಿ, ಗೋಡೆಯ ಒಂದೇ ಗೆರೆಯ ಮೇಲೆ ಮಗ್ಗುಲು ಬದಲಿಸಿ ಇಟ್ಟು. ರಸಮಟ್ಟ ಇಲ್ಲವೇ ಇಲ್ಲ ಎಂದಾದರೆ ದಾರಕ್ಕೆ ಭಾರ ಕಟ್ಟಿ ಮೇಲಿಂದ ಇಳಿಬಿಡಿ. ದಾರಕ್ಕೂ ಗೋಡೆಗೂ ನಡುವಿನ ದೂರವನ್ನು ಮೇಲೆ, ನಡುವೆ, ಕೆಳಗೆ ಅಳೆಯಿರಿ. ತೂಗುಗುಂಡು ಸುಳ್ಳು ಹೇಳುವುದಿಲ್ಲ, ಗಾಳಿ ಮಾತ್ರ ಬೀಸಬಾರದು. ನಡುವಿನ ಅಳತೆ ಬಿಡಬೇಡಿ. ಗೋಡೆ ವಾಲದೆ ಹೊಟ್ಟೆ ಬಿಟ್ಟಿದ್ದರೆ ಮೇಲೂ ಕೆಳಗೂ ಸರಿ ಬಂದು ನಡುವೆ ಮಾತ್ರ ಪೆಟ್ಟಿಗೆ ಸಿಕ್ಕಿಕೊಳ್ಳುತ್ತದೆ.

ಹಿಂದೆ-ಮುಂದೆ ಸಂದು ಇದ್ದರೆ ಮೂಲೆ 90 ಡಿಗ್ರಿ ಇಲ್ಲ. ಚಿಕ್ಕ ಮೂಲೆಮಟ್ಟ (90 ಡಿಗ್ರಿ ನೋಡುವ L ಆಕಾರದ ಪಟ್ಟಿ) ಇಟ್ಟು ನೋಡಿದರೆ ಗಾರೆಯ ಉಬ್ಬು-ತಗ್ಗು ಮೋಸ ಮಾಡುತ್ತದೆ. ಮೂಲೆಯಿಂದ ಒಂದು ಗೋಡೆಯ ಮೇಲೆ 600, ಇನ್ನೊಂದರ ಮೇಲೆ 800 ಗುರುತು ಹಾಕಿ. ಎರಡು ಗುರುತುಗಳ ನಡುವೆ ಸರಿಯಾಗಿ 1000 ಬರಬೇಕು. ಜಾಸ್ತಿ ಬಂದರೆ ಮೂಲೆ ಅಗಲಿದೆ, ಕಡಿಮೆ ಬಂದರೆ ಮುಚ್ಚಿಕೊಂಡಿದೆ. 5 ಮಿ.ಮೀ. ತಾನೇ ಎಂದು ಬಿಟ್ಟುಬಿಡಬೇಡಿ. 1005 ಬಂದ ಮೂಲೆಯಲ್ಲಿ 600 ಆಳದ ಕ್ಯಾಬಿನೆಟ್ ನಿಲ್ಲಿಸಿದರೆ ಮುಂದಿನ ಅಂಚಲ್ಲಿ ಸುಮಾರು 6 ಮಿ.ಮೀ. ಸಂದು ಕಾಣುತ್ತದೆ. ಮುಚ್ಚಿಕೊಂಡ ಮೂಲೆ ಇನ್ನೂ ಕೆಟ್ಟದ್ದು. ಹಿಂದಿನ ಗೋಡೆಯ ಹತ್ತಿರ ಅಳೆದ ಅಗಲ ಸರಿಯಾಗಿಯೇ ಇರುತ್ತದೆ, ಆದರೆ ಪೆಟ್ಟಿಗೆ ಒಳಗೆ ಹೋಗುವ ಮುಂಚೆ ಮುಂದುಗಡೆಯೇ ಸಿಕ್ಕಿಕೊಳ್ಳುತ್ತದೆ.

ಹಾಗಾಗಿ ಎರಡು ಗೋಡೆಗಳ ನಡುವಿನ ಅಗಲವನ್ನು ಆರು ಸಲ ಅಳೆಯಬೇಕು. ಕೆಳಗೆ, ನಡುವೆ, ಮೇಲೆ. ಪ್ರತಿ ಎತ್ತರದಲ್ಲೂ ಹಿಂದೆ ಒಮ್ಮೆ, ಮುಂದೆ ಒಮ್ಮೆ. ಆರೂ ಬರೆದುಕೊಳ್ಳಿ. ಕ್ಯಾಬಿನೆಟ್‌ಗೆ ಚಿಕ್ಕದನ್ನು ಕೊಡಿ, ಫಿಲ್ಲರ್‌ಗೆ ದೊಡ್ಡದನ್ನು ನೋಡಿ. ಸರಾಸರಿ ತೆಗೆಯುವ ಜಾಣರಿದ್ದಾರೆ. ಸರಾಸರಿ ಅಳತೆಯ ಪೆಟ್ಟಿಗೆ ಗೋಡೆಯ ಕಿರಿದಾದ ಜಾಗವನ್ನು ದಾಟುವುದಿಲ್ಲ.

ತ್ರಿಕೋನ ಸಂದನ್ನು ಸರಿಪಡಿಸಲು ಪೆಟ್ಟಿಗೆಯನ್ನು ವಾಲಿಸಬೇಡಿ. ಪೆಟ್ಟಿಗೆ ನೆಟ್ಟಗೇ ನಿಲ್ಲಲಿ. ಫಿಲ್ಲರ್ ಪಟ್ಟಿಯನ್ನು ಗೋಡೆಗೆ ಆನಿಸಿ, ಗೋಡೆಯ ಡೊಂಕನ್ನೇ ಪೆನ್ಸಿಲ್‌ನಿಂದ ಪಟ್ಟಿಯ ಮೇಲೆ ಎಳೆದು ಅದರ ಪ್ರಕಾರ ಕೊಯ್ಯಿರಿ.

ಬುಡದಲ್ಲಿ ಮಾತ್ರ ತಾಗಿದರೆ

ನನ್ನ ಕಥೆ ಆಗಲೇ ಹೇಳಿದೆ. ಸ್ಕರ್ಟಿಂಗ್ ಎತ್ತರ ಕಾಲಿನ ಎತ್ತರಕ್ಕಿಂತ ಜಾಸ್ತಿ ಇದೆಯಾ ನೋಡಿ. ಸ್ವಲ್ಪವೇ ಜಾಸ್ತಿ ಇದ್ದು, ಕಾಲು ತಿರುಗಿಸಿ ಇಡೀ ಸಾಲನ್ನು ಎತ್ತುವ ಹಾಗಿದ್ದರೆ ಅಲ್ಲಿಗೆ ಮುಗಿಯಿತು. ಇಲ್ಲದಿದ್ದರೆ ಆ ಜಾಗದ ಸ್ಕರ್ಟಿಂಗ್ ತೆಗೆಸಿ. ಕ್ಯಾಬಿನೆಟ್ ಹಿಂದೆ ಅದು ಯಾರಿಗೂ ಕಾಣುವುದಿಲ್ಲ.

ಪ್ರತಿ ಪೆಟ್ಟಿಗೆಗೂ ತಪ್ಪು ಬೆಳೆಯುತ್ತಿದ್ದರೆ

ಮೊದಲನೆಯದು ಸರಿಯಾಗಿದೆ. ಎರಡನೆಯದು ಚೂರು ಆಚೆ. ಐದನೆಯದಕ್ಕೆ ಬರುವಷ್ಟರಲ್ಲಿ ಸಿಂಕ್ ಪೈಪು ಪೆಟ್ಟಿಗೆಯ ಬದಿಹಲಗೆಗೆ ಎದುರಾಗಿದೆ. ಹೀಗಾದರೆ ತಪ್ಪು ಒಂದೇ ಜಾಗದಲ್ಲಿಲ್ಲ. ಪ್ರತಿ ಪೆಟ್ಟಿಗೆಯಲ್ಲೂ ಅಷ್ಟಷ್ಟೇ ಇದೆ. ಒಟ್ಟು ತಪ್ಪನ್ನು ಪೆಟ್ಟಿಗೆಗಳ ಸಂಖ್ಯೆಯಿಂದ ಭಾಗಿಸಿ. ಉತ್ತರವೇ ಸುಳಿವು.

ಸುಮಾರು 10 ಬಂದರೆ ಅಡಿ ಮತ್ತು ಮಿಲಿಮೀಟರ್ ಬೆರೆತಿದೆ. ಮಾತಿನಲ್ಲಿ ಎರಡು ಅಡಿ ಎನ್ನುತ್ತೇವೆ, ಫ್ಯಾಕ್ಟರಿಯಲ್ಲಿ ಅದು 600 ಆಗುತ್ತದೆ. ನಿಜವಾದ ಎರಡು ಅಡಿ 609.6 ಮಿ.ಮೀ. ಒಂದರಲ್ಲಿ 9.6, ಐದರಲ್ಲಿ 48. ಇಷ್ಟಕ್ಕೆ ಒಂದು ಬಾಟಲಿ ಇಡುವ ಗೂಡಿನ ಒಂದು ಪಾಲು ಜಾಗವೇ ಮಾಯ!

2 ಬಂದರೆ ಲ್ಯಾಮಿನೇಟ್, ಅಂದರೆ ಹಲಗೆಯ ಮೇಲೆ ಅಂಟಿಸುವ ತೆಳು ಹಾಳೆ, ನೋಡಿ. 600 ಅಗಲಕ್ಕೆ ಬರಿ ಹಲಗೆ ಕೊಯ್ದು, ಆಮೇಲೆ ಎರಡೂ ಹೊರಬದಿಗೆ 1 ಮಿ.ಮೀ. ಹಾಳೆ ಅಂಟಿಸಿದರೆ ಪೆಟ್ಟಿಗೆ 602 ಆಗುತ್ತದೆ. ಸ್ಥಳದಲ್ಲೇ ಮಾಡುವ ಕೆಲಸದಲ್ಲಿ ಇದು ಸಾಮಾನ್ಯ. ಮೊದಲೇ ಹಾಳೆ ಅಂಟಿಸಿ ಬಂದ ಹಲಗೆಯಲ್ಲಿ ಈ ತೊಂದರೆ ಇಲ್ಲ. 1 ಅಥವಾ ಅದಕ್ಕಿಂತ ಕಡಿಮೆ ಬಂದರೆ ಪೆಟ್ಟಿಗೆಗಳನ್ನು ಒಂದಕ್ಕೊಂದು ಬಿಗಿದಿಲ್ಲ, ಅಥವಾ ನಡುವೆ ಕಸ ಸಿಕ್ಕಿದೆ. ಕ್ಲ್ಯಾಂಪ್ ಹಾಕಿ ಎಳೆದು ಮತ್ತೆ ಅಳೆಯಿರಿ.

ಪೈಪು, ಸ್ವಿಚ್‌ಬೋರ್ಡ್, ಕಿಟಕಿಗಳ ಜಾಗ ಮಾತ್ರ ತಪ್ಪಿದ್ದರೆ ಕಾರಣ ಬೇರೆ. ಮೂಲೆಯಿಂದ ಕಿಟಕಿಗೆ, ಕಿಟಕಿಯಿಂದ ಪೈಪಿಗೆ, ಪೈಪಿನಿಂದ ಬೋರ್ಡಿಗೆ ಎಂದು ತುಂಡುತುಂಡಾಗಿ ಅಳೆದಿರುತ್ತಾರೆ. ಪ್ರತಿ ತುಂಡಿನಲ್ಲಿ ಒಂದೊಂದು ಮಿ.ಮೀ. ಸೇರಿಕೊಳ್ಳುತ್ತದೆ. ಟೇಪನ್ನು ಒಂದೇ ಮೂಲೆಗೆ ಹಿಡಿದು, ಅಲ್ಲಾಡಿಸದೆ ಎಲ್ಲವನ್ನೂ ಅಲ್ಲಿಂದಲೇ ಓದಿ. ಪೈಪಿಗೆ ಅದರ ನಡುಭಾಗದ ಅಳತೆ, ಬೋರ್ಡಿಗೆ ಎರಡೂ ಅಂಚಿನ ಅಳತೆ.

ನೆಲ ಡೊಂಕು

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕ್ಯಾಬಿನೆಟ್ ವಿಷಯದಲ್ಲಿ ಅವಳ ಮಾತು ನಿಜ, ನೆಲ ಡೊಂಕೇ ಇರುತ್ತದೆ. ಕಾಲುಗಳನ್ನು ತಿರುಗಿಸಿ ಎತ್ತರ ಮಾಡಬಹುದು ಎಂದು ಜನ ಇದನ್ನು ಅಳೆಯುವುದೇ ಇಲ್ಲ. ಆದರೆ ಪೂರ್ತಿ ತಿರುಗಿಸಿದ ಮೇಲೆ ಕಾಲು ಅದಕ್ಕಿಂತ ಗಿಡ್ಡ ಆಗುವುದಿಲ್ಲ. ತಗ್ಗಿನ ಕಡೆಯಿಂದ ಶುರು ಮಾಡಿ ಎತ್ತರದ ಕಡೆಗೆ ಬಂದರೆ ಕೊನೆಯ ಪೆಟ್ಟಿಗೆ ಸಾಲಿಗಿಂತ ಮೇಲೆ ಎದ್ದು ನಿಲ್ಲುತ್ತದೆ. ಆಗ ಅಷ್ಟನ್ನೂ ಬಿಚ್ಚಬೇಕು.

ಒಂದು ಉದ್ದನೆಯ ಪಾರದರ್ಶಕ ಪೈಪಿಗೆ ನೀರು ತುಂಬಿಸಿ. ಗಾಳಿಗುಳ್ಳೆ ಇರಬಾರದು, ಎರಡೂ ತುದಿ ತೆರೆದಿರಬೇಕು. ನೀರಿನ ಮಟ್ಟ ನೋಡಿ ಗೋಡೆಯ ಎರಡು ತುದಿಯಲ್ಲಿ ಗುರುತು ಹಾಕಿ, ನೆಲದಿಂದ ಸುಮಾರು ಒಂದು ಮೀಟರ್ ಎತ್ತರದಲ್ಲಿ ಗೆರೆ ಎಳೆಯಿರಿ. ಲೇಸರ್ ಲೆವೆಲ್ ಇದ್ದರೆ ಇನ್ನೂ ಬೇಗ. ಈಗ ಆ ಗೆರೆಯಿಂದ ನೆಲಕ್ಕೆ ಅರ್ಧರ್ಧ ಮೀಟರ್‌ಗೆ ಅಳೆಯುತ್ತಾ ಹೋಗಿ. ಎಲ್ಲಿ ಅಳತೆ ಅತಿ ಕಡಿಮೆ ಬಂತೋ ಅಲ್ಲಿ ನೆಲ ಅತಿ ಎತ್ತರ. ಜೋಡಣೆ ಅಲ್ಲಿಂದಲೇ ಶುರುವಾಗಬೇಕು. ಎಲ್ಲ ಎತ್ತರಗಳನ್ನೂ ಈ ಗೆರೆಯಿಂದ ಬರೆಯಿರಿ, ನೆಲದಿಂದ ಬೇಡ.

ಕೂತಿದೆ, ಆದರೆ ಬಾಗಿಲು ಸರಿಯಿಲ್ಲ

ಶಟರ್‌ಗಳು (ಕ್ಯಾಬಿನೆಟ್‌ನ ಬಾಗಿಲುಗಳು) ಮೇಲೆ-ಕೆಳಗೆ ಆಗಿ ಕಂಡ ತಕ್ಷಣ ಅಳತೆ ತಪ್ಪು ಎನ್ನುತ್ತಾರೆ. ಬಹಳ ಸಲ ಅಳತೆ ಸರಿಯೇ ಇರುತ್ತದೆ. ಪೆಟ್ಟಿಗೆಯ ಮುಂಭಾಗದ ಎರಡು ಕರ್ಣಗಳನ್ನು ಅಳೆಯಿರಿ, ಅಂದರೆ ಮೂಲೆಯಿಂದ ಎದುರು ಮೂಲೆಗೆ. ಎರಡೂ ಸಮ ಬರದಿದ್ದರೆ ಪೆಟ್ಟಿಗೆ ಓರೆಯಾಗಿ ನಿಂತಿದೆ. ಮುಂದಿನ ಒಂದು ಕಾಲಿನ ಕೆಳಗೆ ತೆಳು ಚಕ್ಕೆ ಕೊಟ್ಟು ಶಟರ್ ಸಂದು ನೋಡಿ. ಸರಿಹೋದರೆ ಆ ಕಾಲನ್ನು ಎತ್ತಿ, ಇನ್ನೂ ಕೆಟ್ಟರೆ ಇನ್ನೊಂದನ್ನು. ಕರ್ಣಗಳು ಸಮವಾದ ಮೇಲೆ ಉಳಿದ ಒಂದೆರಡು ಮಿ.ಮೀ.ಗೆ ಹಿಂಜ್‌ನ ಸ್ಕ್ರೂ ಸಾಕು. ಇದನ್ನು ಉಲ್ಟಾ ಮಾಡಿ, ಮೊದಲು ಹಿಂಜ್ ತಿರುವುತ್ತಾ ಕೂತರೆ ಸಂಜೆಯಾಗುತ್ತದೆ.

ಡ್ರಾಯರ್ ಬಿಗಿಯಾಗಿ ಓಡಿದರೆ ಲೆಕ್ಕ ಹಾಕಿ. ಬದಿಗೆ ಕೂರುವ ಬಾಲ್ ಬೇರಿಂಗ್ ಚಾನೆಲ್‌ಗೆ (ಡ್ರಾಯರ್ ಓಡುವ ಹಳಿಗೆ) ಒಂದೊಂದು ಬದಿ 12.7 ಮಿ.ಮೀ. ಬೇಕು. 600ರ ಪೆಟ್ಟಿಗೆ, 18ರ ಹಲಗೆ ಎಂದರೆ ಒಳಗೆ 564. ಅದರಲ್ಲಿ 25.4 ಕಳೆದರೆ ಡ್ರಾಯರ್‌ನ ಹೊರ ಅಗಲ 538.6. ಒಳಬದಿಗೆ ಆಮೇಲೆ ಹಾಳೆ ಅಂಟಿಸಿದ್ದರೆ ಅಲ್ಲೇ ಬಿಗಿತ ಬಂದಿದೆ.

ಮೂಲೆಯಲ್ಲಿ ಡ್ರಾಯರ್ ಪಕ್ಕದ ಸಾಲಿನ ಹಿಡಿಗೆ ಬಡಿಯುತ್ತದೆಯೇ? ಕೋಣೆಯ ಬಾಗಿಲಿನ ಚೌಕಟ್ಟಿಗೆ ತಾಗಿ ಪೂರ್ತಿ ತೆರೆಯುವುದಿಲ್ಲವೇ? ಮುಚ್ಚಿದ ಕ್ಯಾಬಿನೆಟ್‌ಗೆ ಮಾತ್ರ ಅಳತೆ ತೆಗೆದಿದ್ದಾರೆ. ಹಿಡಿ ಎಷ್ಟು ಮುಂದೆ ಚಾಚುತ್ತದೆ ಎಂಬುದನ್ನೂ ಬರೆದುಕೊಂಡು, ಮೂಲೆಯಲ್ಲಿ ಅಷ್ಟು ಅಗಲದ ಫಿಲ್ಲರ್ ಹಾಕಿಸಬೇಕು.

ಎತ್ತರದ ಬೀರು ಮಲಗಿಯೇ ಇದ್ದರೆ

ಸೀಲಿಂಗ್ 2450, ಬೀರು 2400. 50 ಮಿ.ಮೀ. ಬಿಡುವಿದೆ ಎಂದು ಖುಷಿಯಲ್ಲಿ ಆರ್ಡರ್ ಕೊಟ್ಟಿರುತ್ತಾರೆ. ಆದರೆ ಬೀರು ಬರುವುದು ಮಲಗಿಕೊಂಡು. ಅದನ್ನು ಎತ್ತಿ ನಿಲ್ಲಿಸುವಾಗ ಅದರ ಕರ್ಣ ಸೀಲಿಂಗ್ ಕೆಳಗೆ ತಿರುಗಬೇಕು. 2400 ಎತ್ತರ, 600 ಆಳ ಇದ್ದರೆ ಆ ಕರ್ಣ 2474. ಅದು ನಿಲ್ಲುವುದಿಲ್ಲ, ಎಷ್ಟು ಜನ ಹಿಡಿದರೂ. ಕಾಲು ಬಿಚ್ಚಿದರೆ ಅಥವಾ ಕೆಳಗಿನ ಪೀಠ ಬೇರೆ ತುಂಡಾಗಿದ್ದರೆ ಮತ್ತೆ ಲೆಕ್ಕ ಹಾಕಿ ನೋಡಿ. 2300ರ ಪೆಟ್ಟಿಗೆಗೆ ಕರ್ಣ 2377, ಅದು ಆರಾಮಾಗಿ ನಿಲ್ಲುತ್ತದೆ, 100ರ ಪೀಠವನ್ನು ಆಮೇಲೆ ಕೆಳಗೆ ಕೊಡಬಹುದು. ಇಲ್ಲದಿದ್ದರೆ ಹಲಗೆಗಳನ್ನು ಬಿಚ್ಚಿ ಒಳಗೆ ತಂದು, ನಿಲ್ಲಿಸಿಕೊಂಡೇ ಜೋಡಿಸಬೇಕು. ಮೆಟ್ಟಿಲ ತಿರುವು, ಲಿಫ್ಟ್ ಮತ್ತು ಮುಂಬಾಗಿಲನ್ನೂ ಇದೇ ಹಾಳೆಯಲ್ಲಿ ಅಳೆದಿಡಿ.